ಹೆಸರಿಲ್ಲದ ಮೇಜು

ಸುಳ್ಳು ಹೇಳಬಾರದು ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಒಪ್ಪುವುದು ಸುಲಭ. ಏಕೆಂದರೆ ಸುಳ್ಳು ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ಸುಳ್ಳುಗಳು: ಕಟಕಟೆಯಲ್ಲಿ ನಿಂತು ನುಡಿಯುವ ಕಳ್ಳಸಾಕ್ಷಿ, ಜಮೀನಿನ ಪತ್ರದಲ್ಲಿ ತಿದ್ದಿದ ಅಂಕಿ, ಹಾಲಿಗೆ ಬೆರೆಸಿದ ನೀರು. ಆದರೆ ದಿನನಿತ್ಯದ ಬದುಕಿನಲ್ಲಿ ನಮ್ಮನ್ನು ಕಾಡುವುದು ಇಂಥವಲ್ಲ. ‘ಇರಬಹುದು’, ‘ಹಾಗಂತಾರೆ’, ‘ಬಹುಶಃ’ ಎಂಬ ಪದಗಳ ಮರೆಯಲ್ಲಿ ನಿಂತ ಮಾತುಗಳು ಕಾಡುತ್ತವೆ. ಇವನ್ನು ಸುಳ್ಳೆಂದು ಹಿಡಿದುಕೊಡಲು ಆಗುವುದಿಲ್ಲ. ಇವುಗಳಿಂದ ಯಾರಿಗೂ ಪೆಟ್ಟು ಬಿದ್ದಂತೆಯೂ ಕಾಣುವುದಿಲ್ಲ. ಹಾಗಿದ್ದ ಮೇಲೆ ಆಡಿದರೆ ತಪ್ಪೇನು? ಈ ಪ್ರಶ್ನೆಯನ್ನು ನಾನು ಯಾವ ಶಾಸ್ತ್ರಗ್ರಂಥದಲ್ಲೂ ಹುಡುಕಿ ತೆಗೆದದ್ದಲ್ಲ. ಇಟಲಿ ದೇಶದ ಒಂದು ಹಳೆಯ ಬರೆಯುವ ಮೇಜು ಅದನ್ನು ನನ್ನ ಮುಂದಿಟ್ಟಿತು.

ನನ್ನ ತಂಗಿಯ ಮಗ ಮಿಲಾನ್ ನಗರದಲ್ಲಿ ನೌಕರಿಯಲ್ಲಿದ್ದ. ಗಟ್ಟಿ ನೌಕರಿಯಲ್ಲ, ಎರಡೆರಡು ವರ್ಷದ ಕರಾರು. 2017ರಲ್ಲಿ ನಾನು ಎರಡು ತಿಂಗಳು ಅವನ ಮನೆಯಲ್ಲಿದ್ದೆ. ಆ ಊರಿನಲ್ಲಿ ನಾವಿಲ್ಯೊ ಗ್ರಾಂದೆ ಎಂಬ ಹಳೆಯ ಕಾಲುವೆಯಿದೆ. ಅಲ್ಲಿನ ಮಹಾಮಂದಿರವಾದ ದುವೋಮೋ ಇಗರ್ಜಿಗೆ ಬೇಕಾದ ಅಮೃತಶಿಲೆ ಬೆಟ್ಟದಿಂದ ಬಂದದ್ದು ಈ ಕಾಲುವೆಯ ದೋಣಿಗಳಲ್ಲೇ. ಈಗ ಅದರ ದಂಡೆಯ ಮೇಲೆ ತಿಂಗಳ ಕೊನೆಯ ಭಾನುವಾರ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ದೀಪ, ಗಡಿಯಾರ, ಪುಸ್ತಕ, ತೂಗುಮಂಚದಷ್ಟು ದೊಡ್ಡ ಕನ್ನಡಿ, ಯಾರದೋ ಮದುವೆಯ ಫೋಟೋ ಎಲ್ಲವೂ ಅಲ್ಲಿ ಮಾರಾಟಕ್ಕಿರುತ್ತವೆ. ಅಂಥ ಒಂದು ಭಾನುವಾರ ನನ್ನ ಸೋದರಳಿಯ ಬರೆಯುವುದಕ್ಕೆ ಮೇಜು ಬೇಕೆಂದು ಹೊರಟ. ಬೆನ್ನಿಗೆ ನಾನೂ ಹೊರಟೆ.

ಮೇಜು ಸಿಕ್ಕಿತು. 1950ರ ದಶಕದ್ದೆಂದು ಅಂಗಡಿಯವನು ಹೇಳಿದ. ಅಕ್ರೋಟು ಮರದ್ದು. ಇಟಲಿಯವರು ಆ ಮರವನ್ನು ‘ನೋಚೆ’ ಎನ್ನುತ್ತಾರೆ. ಬಣ್ಣ ಹೇಳುವುದಾದರೆ, ಹದವಾಗಿ ಹುರಿದ ಕಾಫಿಬೀಜದ್ದು. ನಡುನಡುವೆ ಹೊಗೆಯಂಥ ಕಪ್ಪು ಗೆರೆಗಳು. ಕಾಲುಗಳು ಕೆಳಕ್ಕೆ ಹೋಗುತ್ತ ಹೋಗುತ್ತ ತೆಳ್ಳಗಾಗಿ, ತುದಿಯಲ್ಲಿ ಹಿತ್ತಾಳೆಯ ಬಳೆ ತೊಟ್ಟಿದ್ದವು. ಬಲಗಡೆ ಮೂರು ಡ್ರಾಯರು. ಒಂದನ್ನು ಪೂರ್ತಿ ಹೊರಗೆಳೆದು ನೋಡಿದೆ. ಹಲಗೆಗೆ ಹಲಗೆ ಸೇರುವ ಮೂಲೆಯಲ್ಲಿ ಮೊಳೆಯಿಲ್ಲ, ಹಕ್ಕಿಯ ಬಾಲದ ಹಾಗೆ ಬಿಡಿಸಿಕೊಂಡ ಕಚ್ಚುಗಳು ಒಂದರೊಳಗೊಂದು ಕೂತಿದ್ದವು. ಇಂಗ್ಲಿಷರು ಈ ಕಚ್ಚನ್ನು ಪಾರಿವಾಳದ ಬಾಲ ಎನ್ನುತ್ತಾರೆ, ಇಟಲಿಯವರಿಗೆ ಅದು ಬಾನಾಡಿಯ ಬಾಲ, ಅಂದರೆ ‘ಕೋದಾ ದಿ ರೊಂದಿನೆ’. ಹಕ್ಕಿ ಯಾವುದೇ ಆಗಲಿ, ಕೆಲಸ ಕೈಕೆಲಸ. ಮೇಜಿನ ಮೇಲ್ಮೈಯಲ್ಲಿ ಎಡಗಡೆಗೆ ಒಂದು ಶಾಯಿಯ ಕಲೆ. ಅದನ್ನು ನೋಡಿ ನನಗೆ ಸಂತೋಷವೇ ಆಯಿತು. ಎಡಗೈಯಲ್ಲಿ ಬರೆಯುವ ಯಾರೋ ಇಲ್ಲಿ ಕುಳಿತಿದ್ದರು ಎಂದುಕೊಂಡೆ.

ಬೆಲೆ ಒಂಬೈನೂರು ಯೂರೋ. ನನ್ನ ಸೋದರಳಿಯ ಚೌಕಾಸಿಗೆ ಇಳಿದ. ಆಗ ಅಂಗಡಿಯವನು ಬೆಲೆ ಇಳಿಸುವ ಬದಲು ಬೇರೊಂದು ಮಾತು ತೆಗೆದ. ಇನ್ನು ಇನ್ನೂರು ಕೊಟ್ಟರೆ ಒಂದು ಕಾಗದ ಬರೆದುಕೊಡುತ್ತೇನೆ, ಅದರಲ್ಲಿ ‘ಜಿಯೋ ಪೊಂತಿಯದೆಂದು ಹೇಳಲಾಗಿದೆ’ ಎಂದಿರುತ್ತದೆ, ಆ ಕಾಗದವಿದ್ದರೆ ಮುಂದೆ ಇದೇ ಮೇಜನ್ನು ಮೂರು ಸಾವಿರಕ್ಕೆ ಮಾರಬಹುದು ಎಂದ. ಹಾಗೆ ಹೇಳಿದ್ದು ಯಾರು ಎಂದು ನನ್ನ ಸೋದರಳಿಯ ಕೇಳಿದ. ಅಂಗಡಿಯವನು ನಕ್ಕು, ‘ಈಗ ನಾನು ಹೇಳುತ್ತಿದ್ದೇನಲ್ಲ’ ಎಂದ.

ಓದುಗರಿಗೆ ಪೊಂತಿ ಯಾರೆಂಬುದನ್ನು ಒಂದಿಷ್ಟು ಹೇಳಬೇಕು. 1891ರಲ್ಲಿ ಮಿಲಾನಿನಲ್ಲೇ ಹುಟ್ಟಿ 1979ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ. 1928ರಲ್ಲಿ ‘ದೋಮುಸ್’ ಎಂಬ ಪತ್ರಿಕೆ ಕಟ್ಟಿದವರು. ಆ ನಗರದ ಎತ್ತರದ ಪಿರೆಲ್ಲಿ ಗೋಪುರ ಅವರ ಕಲ್ಪನೆ. ಕಟ್ಟಡವಲ್ಲದೆ ಪಿಂಗಾಣಿ, ದೀಪ, ಚಮಚ, ಮೇಜು, ಕುರ್ಚಿ ಎಲ್ಲಕ್ಕೂ ರೂಪ ಕೊಟ್ಟವರು. 1957ರಲ್ಲಿ ಕಸ್ಸೀನಾ ಕಾರ್ಖಾನೆ ಮಾಡಿದ ಅವರ ‘ಸುಪರ್‌ಲೆಜ್ಜೇರಾ’ ಕುರ್ಚಿಯ ತೂಕ ಕೇವಲ 1.7 ಕಿಲೋ. ಮಗುವೊಂದು ಒಂದೇ ಕೈಯಲ್ಲಿ ಎತ್ತಬಹುದು. ಇಂಥವರ ಹೆಸರು ತಗುಲಿದರೆ ಮರದ ಬೆಲೆ ಮೂರು ಪಾಲಾಗುವುದರಲ್ಲಿ ಆಶ್ಚರ್ಯವಿಲ್ಲ.

ನಾವು ಕಾಲುವೆಯ ಕಟ್ಟೆಯ ಮೇಲೆ ಕುಳಿತು ಕಾಫಿ ಕುಡಿದೆವು. ನನ್ನ ಸೋದರಳಿಯ ಲೆಕ್ಕ ಹಾಕುತ್ತಿದ್ದ. ಆ ಮಾರ್ಚಿಯಲ್ಲಿ ಅವನ ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಅವನ ಉಳಿತಾಯವೆಲ್ಲ ಕರಗಿತ್ತು. ಕರಾರು ಮುಗಿದು ಬೇರೆ ಊರಿಗೆ ಹೋಗಬೇಕಾದರೆ ಮನೆಗೆ ಮುಂಗಡ ಕೊಡಲು ಹಣ ಬೇಕು. ಮೇಜು ಮಾರಿದರೆ ಅದಕ್ಕೆ ಆಗುತ್ತದೆ.

‘ಮಾವ, ಅವನು ಪೊಂತಿ ಮಾಡಿದ್ದು ಅಂತ ಬರೀತಾ ಇಲ್ಲ. ಹೇಳಲಾಗಿದೆ ಅಂತಾನೆ, ಅಷ್ಟೆ. ಇದರಲ್ಲಿ ಯಾರಿಗೆ ನಷ್ಟ ಹೇಳಿ?’ ಎಂದ.

ಕೊಳ್ಳುವವನಿಗೆ ನಷ್ಟ ಎಂಬುದು ಮೊದಲು ಹೊಳೆಯುವ ಉತ್ತರ. ಅದನ್ನೇ ಹೇಳಿದೆ. ಅದಕ್ಕೆ ಅವನಲ್ಲಿ ಪ್ರತ್ಯುತ್ತರ ತಯಾರಿತ್ತು. ಮೂರು ಸಾವಿರ ಕೊಟ್ಟು ಹಳೆಯ ಮೇಜು ಕೊಳ್ಳುವವನಿಗೆ ಹೊಟ್ಟೆಗೆ ತೊಂದರೆಯಿರುವುದಿಲ್ಲ. ಅವನು ಮನೆಗೆ ಬಂದವರಿಗೆ ತೋರಿಸಿ ಸಂತೋಷಪಡುತ್ತಾನೆ. ಆ ಸಂತೋಷ ಅಸಲಿಯೇ. ಮೇಜೂ ಅದೇ ಮೇಜು, ಮರವೂ ಅದೇ ಮರ. ಅಮೆರಿಕದ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರ ತನ್ನ ಪುಸ್ತಕವೊಂದರಲ್ಲಿ ಹತ್ತಿರ ಹತ್ತಿರ ಇದೇ ಪ್ರಶ್ನೆ ಎತ್ತಿದ್ದಾನೆ: ಅಸಲಿ ಚಿತ್ರಕ್ಕೂ ನಕಲಿಗೂ ನೋಡುವ ಕಣ್ಣಿಗೆ ಭೇದವೇ ಕಾಣದಿದ್ದರೆ ಅವೆರಡರ ನಡುವೆ ಸೌಂದರ್ಯದ ಭೇದವಿದೆಯೇ? ಇದೆ, ಭೇದವಿದೆ ಎಂಬ ತಿಳಿವಳಿಕೆಯೇ ನಾಳೆ ನಮ್ಮ ಕಣ್ಣನ್ನು ಪಳಗಿಸುತ್ತದೆ ಎಂಬುದು ಅವನ ಉತ್ತರದ ತಾತ್ಪರ್ಯ. ಆದರೆ ನನ್ನ ಸೋದರಳಿಯನ ಪ್ರಶ್ನೆ ಸೌಂದರ್ಯದ್ದಲ್ಲ, ನ್ಯಾಯದ್ದು. ಸಾಹುಕಾರನ ಜೇಬಿನಿಂದ ಎರಡು ಸಾವಿರ ಯೂರೋ ಹೋಗಿ ಮುದುಕಿಯೊಬ್ಬಳ ಮಂಡಿಗೆ ಬಂದರೆ ಜಗತ್ತು ಕೆಟ್ಟುಹೋಗುವುದೇ? ಹೋಗದು ಎಂದೇ ನನಗೂ ಅನ್ನಿಸಿತು. ಕೊಳ್ಳುವವನ ನಷ್ಟದ ಮೇಲೆಯೇ ನನ್ನ ವಾದ ನಿಂತಿದ್ದರೆ ಅದು ಅಲ್ಲೇ ಕುಸಿಯುತ್ತಿತ್ತು.

ಆದ್ದರಿಂದ ಆ ಪದವನ್ನೇ ಹಿಡಿದು ನೋಡೋಣ. ಹಳೆಯ ಸಾಮಾನಿನ ವ್ಯಾಪಾರದಲ್ಲಿ ಮಾತುಗಳದೊಂದು ಏಣಿಯಿದೆ. ಮೇಲಿನ ಮೆಟ್ಟಿಲು ‘ಇಂಥವರದು’ ಎಂಬುದು. ಸಹಿಯೋ ಕಾರ್ಖಾನೆಯ ಲೆಕ್ಕವೋ ಮೂಲ ನಕ್ಷೆಯೋ ಇದ್ದರೆ ಮಾತ್ರ ಹಾಗೆನ್ನಬಹುದು. ಪೊಂತಿಯ ವಿಷಯದಲ್ಲಿ ಅವರ ಹೆಸರಿನ ದಾಖಲೆ ಸಂಗ್ರಹವೇ ಇಂಥ ಪ್ರಮಾಣಪತ್ರ ಕೊಡುತ್ತದೆ. ಅದರ ಕೆಳಗಿನದು ‘ಇಂಥವರದೆಂದು ಹೇಳಲಾಗಿದೆ’. ಅದಕ್ಕೂ ಕೆಳಗೆ ‘ಇಂಥವರ ರೀತಿಯದು’. ಈ ಏಣಿಯನ್ನು ಕಟ್ಟಿದವರು ಮೋಸಗಾರರಲ್ಲ. ಇದು ತಿಳಿವಳಿಕೆಯನ್ನು ಅಳೆದು ಹೇಳುವ ಪ್ರಾಮಾಣಿಕ ಉಪಾಯ. ನಡುವಿನ ಮೆಟ್ಟಿಲಿನ ಮೇಲೆ ನಿಲ್ಲುವವನು ‘ನನಗೆ ಸಾಕ್ಷಿ ಪೂರ್ತಿಯಿಲ್ಲ, ಆದರೆ ಕಾರಣಗಳಿವೆ’ ಎನ್ನುತ್ತಿದ್ದಾನೆ. ಆ ಕಾರಣಗಳು ಎಲ್ಲಿ? ನಮ್ಮ ಅಂಗಡಿಯವನಲ್ಲಿ ಒಂದೂ ಇರಲಿಲ್ಲ. ಕಾಲುಗಳು ತೆಳ್ಳಗಿವೆ ಎಂಬುದೊಂದೇ. ಆ ಕಾಲದ ಇಟಲಿಯಲ್ಲಿ ತೆಳ್ಳನೆಯ ಕಾಲಿಲ್ಲದ ಮೇಜನ್ನು ಹುಡುಕುವುದೇ ಕಷ್ಟ.

ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ‘ಬಹುಶಃ’ ಎಂಬ ಮಾತಿಗೆ ಎರಡು ಬಾಳುವೆಗಳಿವೆ. ವೈದ್ಯರು ನಾಡಿ ಹಿಡಿದು ‘ಬಹುಶಃ ಕಾಮಾಲೆ’ ಎಂದರೆ ಅದರ ಹಿಂದೆ ಹಳದಿ ಕಣ್ಣಿದೆ, ಬಾಯಿಕಹಿಯಿದೆ. ಅದು ವಿನಯದ ಬಹುಶಃ. ತಿಳಿದದ್ದಕ್ಕಿಂತ ಹೆಚ್ಚು ಹೇಳಲಾರೆ ಎಂಬ ಅಂಜಿಕೆ ಅದರಲ್ಲಿದೆ. ಹಿಂದೆ ಏನೂ ಇಲ್ಲದೆ, ಕೇಳುವವನ ಆಸೆಯನ್ನೇ ನಂಬಿ ಆಡುವ ಬಹುಶಃ ಇನ್ನೊಂದು. ಅದು ಮುಸುಕು. ಪದ ಒಂದೇ, ಅರ್ಥವೂ ಒಂದೇ, ಆದರೆ ಮೊದಲನೆಯದು ಕೇಳುವವನನ್ನು ತಡೆದು ನಿಲ್ಲಿಸುತ್ತದೆ, ಎರಡನೆಯದು ಅವನನ್ನು ಮುಂದಕ್ಕೆ ನೂಕುತ್ತದೆ. ಆದಕಾರಣ ಒಂದು ಮಾತು ಸುಳ್ಳೋ ಅಲ್ಲವೋ ಎಂಬುದನ್ನು ನಿಘಂಟು ನೋಡಿ ತೀರ್ಮಾನಿಸಲಾಗುವುದಿಲ್ಲ. ಅದು ಏನನ್ನು ನಂಬಿಸಲು ಹೊರಟಿದೆ, ನಂಬಿಸಲು ಅದಕ್ಕೆ ಹಕ್ಕೇನಿದೆ ಎಂದು ಕೇಳಬೇಕು.

ಮರದ ಕೆಲಸದಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಆ ಮೇಜು ಪೂರ್ತಿ ಅಕ್ರೋಟಿನದಲ್ಲ. ಒಳಗಿನ ಹಲಗೆ ಪಾಪ್ಲರ್ ಎಂಬ ಹಗುರವಾದ ಅಗ್ಗದ ಮರ. ಮೇಲೆ ಕಾಗದದಂತೆ ಸೀಳಿದ ಅಕ್ರೋಟಿನ ಪದರವನ್ನು ಅಂಟಿಸಿದ್ದಾರೆ. ನಮ್ಮಲ್ಲಿ ಇದನ್ನು ವಿನೀರ್ ಎನ್ನುತ್ತಾರೆ. ಇದು ಮೋಸವೇ? ಅಲ್ಲ. ಡ್ರಾಯರು ಎಳೆದರೆ ಒಳಮರ ಎದ್ದು ಕಾಣುತ್ತದೆ, ಯಾರೂ ಮುಚ್ಚಿಟ್ಟಿಲ್ಲ. ಅಗಲವಾದ ಅಕ್ರೋಟಿನ ಹಲಗೆ ಸೆಕೆಗೂ ಚಳಿಗೂ ಸೊಟ್ಟಗಾಗುತ್ತದೆ, ಪದರ ಅಂಟಿಸಿದ್ದು ಅಷ್ಟಾಗಿ ಆಗದು. ಒಂದು ಮರ ಹತ್ತಾರು ಮೇಜಿಗೆ ಚೆಲುವು ಕೊಡುತ್ತದೆ. ಅಂದರೆ ಮೇಲ್ಮೈಗೂ ಒಳಗಿಗೂ ಭೇದವಿರುವುದೇ ಅಪ್ರಾಮಾಣಿಕತೆಯಲ್ಲ. ಕೇಳಿದವರಿಗೆ ಭೇದವನ್ನು ಹೇಳದಿರುವುದು ಅಪ್ರಾಮಾಣಿಕತೆ. 2012ರಿಂದ ಮೋಲ್ತೇನಿ ಎಂಬ ಕಂಪನಿ ಪೊಂತಿಯ ಹಳೆಯ ನಕ್ಷೆಗಳನ್ನು ನೋಡಿ ಅವರ ಪೀಠೋಪಕರಣಗಳನ್ನು ಹೊಸದಾಗಿ ಮಾಡಿ ಮಾರುತ್ತಿದೆ. ಪೊಂತಿ ಮುಟ್ಟದ ವಸ್ತುಗಳು ಅವು. ಆದರೂ ನಾಚಿಕೆಯಿಲ್ಲದೆ ಮಾರಬಹುದು. ಹೊಸದು ಎಂದು ಹೇಳಿಯೇ ಮಾರುತ್ತಾರೆ.

ಹಾಗಾದರೆ ನಷ್ಟ ಯಾರಿಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಮೇಜಿನೊಳಗೇ ಇತ್ತು.

ಮಿಲಾನಿನ ಉತ್ತರಕ್ಕೆ ಬ್ರಿಯಾಂಜಾ ಎಂಬ ಸೀಮೆಯಿದೆ. ಕಂತೂ, ಮೇದಾ ಮುಂತಾದ ಅಲ್ಲಿನ ಊರುಗಳಲ್ಲಿ ತಲೆಮಾರುಗಳಿಂದ ಮರದ ಕೆಲಸವೇ ಬದುಕು. ಪೊಂತಿಯ ಕುರ್ಚಿ ಮಾಡಿದ ಕಸ್ಸೀನಾ ಕೂಡ 1927ರಲ್ಲಿ ಮೇದಾದಲ್ಲಿ ಇಬ್ಬರು ಸೋದರರು ತೆರೆದ ಕಾರ್ಯಾಗಾರ. ಯುದ್ಧ ಮುಗಿದ ಮೇಲೆ ನಗರದ ವಾಸ್ತುಶಿಲ್ಪಿಗಳು ನಕ್ಷೆ ಹಿಡಿದು ಈ ಊರುಗಳಿಗೆ ಬಂದರು. ಕಂತೂವಿನಲ್ಲಿ 1955ರಿಂದ 1975ರವರೆಗೆ ಎರಡು ವರ್ಷಕ್ಕೊಮ್ಮೆ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯುತ್ತಿತ್ತು. ಹೊರಗಿನವರು ಚಿತ್ರ ಬರೆದು ಕಳಿಸುತ್ತಿದ್ದರು, ಊರಿನ ಬಡಗಿಗಳು ಅದನ್ನು ಮರದಲ್ಲಿ ಮಾಡಿ ತೋರಿಸುತ್ತಿದ್ದರು. ಸುಪರ್‌ಲೆಜ್ಜೇರಾ ಕೂಡ ಪೊಂತಿಯ ತಲೆಯಿಂದ ಒಮ್ಮೆಗೇ ಉದುರಿದ್ದಲ್ಲ. ಲಿಗೂರಿಯಾ ಕರಾವಳಿಯ ಕಿಯಾವರಿ ಎಂಬ ಊರಿನ ಬಡಗಿಗಳು ತಲೆಮಾರುಗಳಿಂದ ಮಾಡುತ್ತ ಬಂದ ಹಗುರ ಕುರ್ಚಿಯೇ ಅದರ ಅಜ್ಜ. ಪೊಂತಿಯ ಎಷ್ಟೋ ಮೇಜು ಕಪಾಟುಗಳನ್ನು ಕೈಯಾರೆ ಮಾಡಿದವರು ಜೊರ್ದಾನೊ ಕಿಯೇಜಾ. ಅವರ ಹೆಸರು ದಾಖಲೆಯಲ್ಲಿ ಉಳಿದಿದೆ. ಹಾಗೆ ಉಳಿಯದವರ ಪಾಲೇ ಹೆಚ್ಚು.

ಮೆರುಗಿನ ಮಾತಿಗೆ ಬಂದರೆ ದಾರಿ ಇನ್ನೂ ದೂರ ಹೋಗುತ್ತದೆ. ಇಟಲಿಯ ಹಳೆಯ ಬಡಗಿಗಳು ಅಕ್ರೋಟಿಗೆ ಹೊಳಪು ಕೊಡುತ್ತಿದ್ದದ್ದು ‘ಗೊಮ್ಮಲಾಕ್ಕಾ’ದಿಂದ, ಅಂದರೆ ನಮ್ಮ ಅರಗಿನಿಂದ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದಲೇ. ಛೋಟಾನಾಗಪುರದ ಕಾಡಂಚಿನಲ್ಲಿ ಮುತ್ತುಗದ ಮರದ, ಎಲಚಿಯ ಮರದ ಕೊಂಬೆಗಳಿಂದ ಅದನ್ನು ಕೆರೆದು ತೆಗೆದ ಆದಿವಾಸಿ ಹೆಂಗಸರು ಯಾವ ಮೇಜನ್ನೂ ಕಂಡವರಲ್ಲ.

ಈಗ ಯೋಚಿಸಿ. ಆ ಡ್ರಾಯರಿನ ಕಚ್ಚುಗಳನ್ನು ಕಡೆದವನೊಬ್ಬ ಇದ್ದನಲ್ಲ? ಕಂತೂವಿನವನೋ ಮತ್ತೆಲ್ಲಿಯವನೋ, ಅವನ ಹೆಸರು ನಮಗೆ ತಿಳಿಯದು. ಅವನ ಕೆಲಸದ ಮೇಲೆ ಪೊಂತಿಯ ಹೆಸರು ಅಂಟಿಸಿದರೆ, ಹೆಸರು ಈಗಾಗಲೇ ಬೇಕಾದಷ್ಟಿರುವ ಒಬ್ಬರಿಗೆ ಇನ್ನಷ್ಟು ಕೊಟ್ಟು, ಇಲ್ಲದವನಿಂದ ಇದ್ದದ್ದನ್ನೂ ಕಿತ್ತುಕೊಂಡಂತೆ. ‘ಅವನು ಹೇಗೂ ಅನಾಮಿಕ, ಸತ್ತೂ ಹೋಗಿದ್ದಾನೆ, ಅವನಿಂದ ಕಿತ್ತುಕೊಳ್ಳುವುದು ಏನುಳಿದಿದೆ?’ ಎಂದು ನೀವು ಕೇಳಬಹುದು. ನನ್ನ ಸೋದರಳಿಯನೂ ಕೇಳಿದ. ಇದಕ್ಕೆ ನನಗೆ ತೋರಿದ ಉತ್ತರ ಇಷ್ಟು: ಹೆಸರು ಗೊತ್ತಿಲ್ಲದಿರುವುದು ಬೇರೆ, ಹೆಸರು ತಪ್ಪಿರುವುದು ಬೇರೆ. ಖಾಲಿ ಬಿಟ್ಟ ಜಾಗ ಒಂದು ಪ್ರಶ್ನೆ. ನಾಳೆ ಒಂದು ಹಳೆಯ ಲೆಕ್ಕದ ಪುಸ್ತಕ ಸಿಕ್ಕಬಹುದು, ಯಾರದೋ ಮೊಮ್ಮಗಳು ‘ಇದು ನಮ್ಮ ತಾತನ ಕೆಲಸ’ ಎಂದು ಗುರುತು ಹಿಡಿಯಬಹುದು. ಜಾಗ ತುಂಬಿಬಿಟ್ಟರೆ ಯಾರೂ ಹುಡುಕುವುದೇ ಇಲ್ಲ. ಸತ್ತವನಿಗೆ ಉಳಿದಿದ್ದ ಒಂದೇ ಆಸ್ತಿ, ಎಂದಾದರೂ ಪತ್ತೆಯಾದೇನು ಎಂಬ ಅವಕಾಶ. ಸುಳ್ಳು ಹೆಸರು ಅದನ್ನು ಕಸಿಯುತ್ತದೆ.

ಕನ್ನಡಿಗರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ವಚನಗಳಲ್ಲಿ ಅಂಕಿತ ಬದಲಾದರೆ ವಚನಕಾರನೇ ಬದಲಾಗುತ್ತಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಅದೇ ಗುಡಿಗಳಲ್ಲಿ ಹೆಸರಿಲ್ಲದ ಶಿಲ್ಪಗಳೂ ಇವೆ. ಅವಕ್ಕೆಲ್ಲ ನಾವು ಮಲ್ಲಿತಮ್ಮನ ಹೆಸರನ್ನೇ ಬರೆದುಬಿಟ್ಟರೆ ಮಲ್ಲಿತಮ್ಮನ ಗೌರವ ಹೆಚ್ಚುವುದಿಲ್ಲ, ಅವನ ಪಕ್ಕದಲ್ಲಿ ಕೂತು ಉಳಿ ಹಿಡಿದವನು ಎರಡನೆಯ ಸಲ ಸಾಯುತ್ತಾನೆ.

ನಮ್ಮ ದೇಶದಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಚಂಡೀಗಢ ಕಟ್ಟುವಾಗ ಅಲ್ಲಿನ ಕಚೇರಿ, ಕಾಲೇಜುಗಳಿಗೆಂದು ಪಿಯರ್ ಜೆನರೆ ಮತ್ತು ಅವರ ಸಂಗಡಿಗರ ನಕ್ಷೆಯಂತೆ ತೇಗದ ಕುರ್ಚಿ ಮೇಜುಗಳನ್ನು ಸ್ಥಳೀಯ ಬಡಗಿಗಳು ಮಾಡಿದರು. ಮುಂದೆ ಅವು ಹಳತಾದವೆಂದು ಕಾಸಿಗೊಂದರಂತೆ ಹರಾಜಾದವು. ಆಮೇಲೆ ಪ್ಯಾರಿಸ್, ನ್ಯೂಯಾರ್ಕ್‌ಗಳ ಹರಾಜುಕಟ್ಟೆಯಲ್ಲಿ ಲಕ್ಷಗಟ್ಟಲೆ ಬೆಲೆ ಬಂದಾಗ ಎಚ್ಚೆತ್ತ ಕೇಂದ್ರ ಗೃಹ ಸಚಿವಾಲಯ 2011ರಲ್ಲಿ ಅವುಗಳ ಮಾರಾಟ ತಡೆಯಲು ಆದೇಶ ಹೊರಡಿಸಿತು. ಆ ಕುರ್ಚಿಗಳ ಬೆನ್ನಿಗೆ ಕಚೇರಿಯ ಗುಮಾಸ್ತ ಬಣ್ಣದಲ್ಲಿ ಬರೆದ ಅಂಕಿ ಅಕ್ಷರಗಳೇ ಇಂದು ಅಸಲಿಯೆಂಬುದಕ್ಕೆ ಗುರುತು. ಯಾವ ಇಲಾಖೆಯ ಕುರ್ಚಿ ಎಂಬುದು ದಾಖಲಾಗಿದೆ, ಯಾವ ಬಡಗಿಯದು ಎಂಬುದು ಆ ಅಂಕಿಗಳಲ್ಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸೋದರಳಿಯ ಮೆಲ್ಲಗೆ ಒಂದು ಮಾತೆಂದ: ‘ಮಾವ, ನೀವು ಹೇಳೋದು ಸರಿ. ಆದರೆ ನಿಮಗೆ ತಿಂಗಳು ತಿಂಗಳು ಪಿಂಚಣಿ ಬರತ್ತೆ.’

ನಾನು ಹೇಳಿದ್ದರಲ್ಲೆಲ್ಲ ಅತಿ ಭಾರವಾದ ಮಾತು ಅವನದೇ. ಸತ್ಯಕ್ಕೆ ಬೆಲೆಯಿದೆ, ಆ ಬೆಲೆ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಸತ್ತ ಬಡಗಿಯ ನ್ಯಾಯಕ್ಕಾಗಿ ಬದುಕಿರುವ ಹುಡುಗ ಎರಡು ಸಾವಿರ ಯೂರೋ ಬಿಡಬೇಕೆಂದು ಕೈಬೀಸಿ ನಡೆಯುವ ಮುದುಕ ಹೇಳುವುದಾದರೂ ಹೇಗೆ? ನೀತಿಯನ್ನು ಬೇರೆಯವರ ಜೇಬಿನಿಂದ ಖರ್ಚು ಮಾಡುವುದು ಬಹಳ ಸಲೀಸು. ‘ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ’ ಎಂಬ ಗಾದೆ ಪುಣ್ಯಕ್ಕೂ ಸಲ್ಲುತ್ತದೆ. ನಾನು ಸುಮ್ಮನಾದೆ. ನನ್ನ ಕಾರಣಗಳನ್ನು ಹೇಳುವ ಹಕ್ಕು ನನಗಿತ್ತು, ಅವನ ಪರವಾಗಿ ತೀರ್ಮಾನಿಸುವ ಹಕ್ಕಿರಲಿಲ್ಲ.

ಅವನು ಖಾಲಿ ಲೋಟ ಕೆಳಗಿಟ್ಟು ಅಂಗಡಿಗೆ ವಾಪಸು ಹೋದ. ‘ಪೊಂತಿಯ ಮಾತು ಬಿಡಿ, ಈ ಮೇಜಿನ ಬಗ್ಗೆ ನಿಮಗೆ ನಿಜವಾಗಿ ಗೊತ್ತಿರುವುದು ಏನು?’ ಎಂದು ಕೇಳಿದ. ಆ ಮನುಷ್ಯನಿಗೆ ಗೊತ್ತಿದ್ದದ್ದು ಕಡಿಮೆಯೇನಲ್ಲ. ಕೋಮೋ ಪಟ್ಟಣದಲ್ಲಿ ವಕೀಲರೊಬ್ಬರು ತೀರಿಕೊಂಡು ಮನೆ ಖಾಲಿ ಮಾಡಿಸುವಾಗ ಕೊಂಡದ್ದು, ಹಿತ್ತಾಳೆಯ ಬಳೆಗಳಲ್ಲಿ ಒಂದನ್ನು ತಾನೇ ಬದಲಿಸಿದ್ದು, ಬೀಗ ಮೂಲದ್ದೇ, ಮೆರುಗಿಗೆ ಕೈಹಚ್ಚಿಲ್ಲ. ‘ಇಷ್ಟನ್ನೇ ಬರೆದುಕೊಡಿ’ ಎಂದ ಹುಡುಗ. ಅಂಗಡಿಯವನು ಒಂದು ಗಳಿಗೆ ನೋಡಿ, ಪೆನ್ನು ತೆಗೆದು ಬರೆದ. ಕೊನೆಯಲ್ಲಿ ‘ಔತೋರೆ ಇನ್ಯೋತೊ’, ಅಂದರೆ ಕರ್ತೃ ಅಜ್ಞಾತ, ಎಂದು ಸೇರಿಸಿ ಸಹಿ ಹಾಕಿದ. ಆ ಕಾಗದಕ್ಕೆ ಹಣ ಕೇಳಲಿಲ್ಲ. 2019ರಲ್ಲಿ ಊರು ಬಿಡುವಾಗ ನನ್ನ ಸೋದರಳಿಯ ಮೇಜನ್ನು ಆ ಕಾಗದದ ಸಮೇತ ಸಾವಿರದ ನೂರಕ್ಕೆ ಮಾರಿದ. ಮುಂಗಡಕ್ಕೆ ಕಡಿಮೆ ಬಿದ್ದದ್ದನ್ನು ಗೆಳೆಯನಿಂದ ಸಾಲ ತಂದು, ಎಂಟು ತಿಂಗಳು ತೀರಿಸಿದ. ಸತ್ಯ ಹೇಳಿದ್ದಕ್ಕೆ ಅವನಿಗೆ ಯಾವ ಬಹುಮಾನವೂ ಬರಲಿಲ್ಲ. ಬರುತ್ತದೆಂದು ನಾನು ಮಾತು ಕೊಟ್ಟಿರಲಿಲ್ಲ, ಅವನು ನಿರೀಕ್ಷಿಸಿರಲೂ ಇಲ್ಲ.

ಅಜ್ಞಾತ ಎಂಬ ಪದದ ಬಗ್ಗೆ ನನಗೆ ಆಮೇಲೆ ಗೌರವ ಹುಟ್ಟಿದೆ. ‘ಗೊತ್ತಿಲ್ಲ’ ಎನ್ನುವುದನ್ನು ನಾವು ಸೋಲಿನ ಮಾತೆಂದು ತಿಳಿಯುತ್ತೇವೆ. ಶಾಲೆಯಲ್ಲಿ ಅದಕ್ಕೆ ಸೊನ್ನೆ ಕೊಡುತ್ತಾರೆ. ಮೂವತ್ತು ವರ್ಷ ನಾನೂ ಕೊಟ್ಟಿದ್ದೇನೆ, ಪರೀಕ್ಷೆಯ ಮಟ್ಟಿಗೆ ಅದು ಸರಿ. ಆದರೆ ಇಲ್ಲಿ ಆ ಮಾತು ಒಬ್ಬ ಮನುಷ್ಯನಿಗಾಗಿ ಜಾಗ ಹಿಡಿದಿಡುವ ಕೆಲಸ ಮಾಡುತ್ತದೆ. ಬಸ್ಸಿನಲ್ಲಿ ಕಿಟಕಿಯಿಂದ ತೂರಿಸಿದ ಟವೆಲ್ಲಿನ ಹಾಗೆ. ಬರುವವನು ಬರಲಿ, ಬಾರದಿರಲಿ, ಅಲ್ಲಿ ಬೇರೆಯವರು ಕೂರುವಂತಿಲ್ಲ.

ಹಾಗೆಂದು ಗೊತ್ತುಮಾಡಿಕೊಳ್ಳಬಹುದಾದದ್ದನ್ನು ಗೊತ್ತಿಲ್ಲವೆಂದು ಬಿಡುವುದೂ ಸಲ್ಲದು. ಕಳೆದ ವರ್ಷ ನಮ್ಮೂರಿನ ಆಚಾರಿಯೊಬ್ಬರಿಂದ ಹಲಸಿನ ಮರದಲ್ಲಿ ಒಂದು ಮೇಜು ಮಾಡಿಸಿದೆ. ಕೆಲಸ ಮುಗಿದ ಮೇಲೆ ಅದನ್ನು ಮಗುಚಿ ಹಾಕಿ, ಅಡಿಯಲ್ಲಿ ನಿಮ್ಮ ಹೆಸರು, ಊರು, ಇಸವಿ ಬರೆಯಿರಿ ಎಂದೆ. ಅವರು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಅನುಮಾನದಿಂದ ನನ್ನನ್ನು ನೋಡಿ, ‘ಯಾಕೆ ಸ್ವಾಮಿ, ಕಾಲು ಅಲ್ಲಾಡಿದರೆ ನನ್ನ ಹಿಡಿಯೋದಕ್ಕಾ?’ ಎಂದರು. ನಾನು ಹೌದೆಂದೆ. ಅವರು ನಕ್ಕರು. ಕೀಸುಳಿ ಹಿಡಿದು ನಾಲ್ಕೂ ಕಾಲನ್ನು ಇನ್ನೊಂದು ಸಲ ಸರಿಮಾಡಿ, ಆಮೇಲೆ ಹೆಸರು ಬರೆದರು.